ಒಬ್ಬ ಬಸುರಿ, ಮೂರು ತಾಲೂಕು

ಉಪಕೇಂದ್ರದ ನರ್ಸಾದವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂರುತ್ತವೆ. ಜೇವರ್ಗಿ ಕಡೆ ಎಂಟು ವರ್ಷ ಮಾಡಿದೆ, ಆಳಂದ ಕಡೆ ಏಳು ವರ್ಷ ಮಾಡಿದೆ, ಈಗ ಅಫಜಲಪುರ ತಾಲೂಕಿನಲ್ಲಿ, ಚೌಡಾಪುರದ ಹತ್ತಿರದ ಒಂದು ಹಳ್ಳಿಯಲ್ಲಿದ್ದೇನೆ. ಊರು ಬದಲಾಗಿದೆ, ಬೆಂಚು ಬದಲಾಗಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ, "ಶಿವನೇ, ಈ ಕಾಯಕ ನೀನೇ ಕೊಟ್ಟದ್ದು, ನಾನು ದೂರುವುದಿಲ್ಲ" ಅನ್ನುತ್ತೇನೆ. ಮಧ್ಯಾಹ್ನದ ಹೊತ್ತಿಗೆ ದೂರಲು ಶುರು ಮಾಡಿರುತ್ತೇನೆ. ಶಿವ ದೊಡ್ಡವನು, ಎರಡನ್ನೂ ಕೇಳಿಸಿಕೊಳ್ಳುತ್ತಾನೆ.

ಹೋದ ವರ್ಷ ನಾನು ಅತಿ ಹೆಚ್ಚು ದೂರಿದ್ದು ಒಬ್ಬಳೇ ಹುಡುಗಿಯ ವಿಷಯಕ್ಕೆ. ನಮ್ಮ ಊರಿಗೆ ಸೊಸೆಯಾಗಿ ಬಂದವಳು, ಚೊಚ್ಚಲ ಬಸುರಿ, ಇಪ್ಪತ್ತು ವಯಸ್ಸು, ಮಾತು ಕಡಿಮೆ. ನಾಲ್ಕನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ ಏಳು ಬಂತು. ಹನ್ನೊಂದಾದರೂ ಇರಬೇಕು. ಏಳರ ರಕ್ತ ಇಟ್ಟುಕೊಂಡು ಹೆರಿಗೆಗೆ ಹೋದವರನ್ನು ನಾನು ನೋಡಿದ್ದೇನೆ. ಆ ಕಥೆ ಇಲ್ಲಿ ಬೇಡ. "ಈ ಒಂದು ಜೀವ, ಅದರ ಹೊಟ್ಟೆಯಲ್ಲಿನ ಇನ್ನೊಂದು ಜೀವ, ಎರಡನ್ನೂ ದಡ ಮುಟ್ಟಿಸು ತಂದೆ" ಅಂತ ಶಿವನನ್ನು ಬೇಡಿಕೊಂಡು ಅವಳ ಹಿಂದೆ ಬಿದ್ದೆ. ತಂದೆ ಒಪ್ಪಿದ. ಹುಡುಗಿಯ ಅತ್ತೆ ಒಪ್ಪಬೇಕಲ್ಲ!

೧. ನುಂಗಿದವರು ಯಾರು

ರಕ್ತ ಹೆಚ್ಚಾಗಲಿ ಎಂದು ತಿಂಗಳಿಗಾಗುವಷ್ಟು ಕಬ್ಬಿಣಾಂಶದ ಕೆಂಪು ಗುಳಿಗೆ ಕೊಟ್ಟು ಬಂದೆ. ತಿಂಗಳು ಬಿಟ್ಟು ಹೋಗಿ ಮತ್ತೆ ಪರೀಕ್ಷೆ ಮಾಡಿದರೆ ಏಳು ಇದ್ದದ್ದು ಆರೂ ಮುಕ್ಕಾಲಾಗಿದೆ. ಗುಳಿಗೆಯ ಹಾಳೆಗಳನ್ನು ನೋಡಿದರೆ ಎಲ್ಲಾ ಖಾಲಿ.

"ಆಯಿ, ಸೊಸಿ ದಿನಾ ಗುಳಿಗಿ ನುಂಗಾಕತ್ತಾಳೋ ಇಲ್ಲೋ?" ಅಂತ ಅತ್ತೆಯನ್ನು ಕೇಳಿದೆ.

"ಒಂದು ದಿನಾನೂ ತಪ್ಪಿಲ್ರಿ ಸಿಸ್ಟರ್, ನಾನೇ ಕೈಯಾರ ಕೊಡ್ತೇನಿ."

ಸೊಸೆ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ನೆಲ ನೋಡುವ ಬಸುರಿ ಏನನ್ನೋ ನುಂಗುತ್ತಿರುತ್ತಾಳೆ, ಗುಳಿಗೆಯನ್ನಂತೂ ಅಲ್ಲ. "ಖರೇ ಹೇಳ್ರಿ ಆಯಿ, ಕೈಯಾರ ಯಾರಿಗೆ ಕೊಡ್ತೀರಿ?" ಅಂತ ಮತ್ತೆ ಕೇಳಿದೆ.

ಆಯಿ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ನಮ್ಮ ಎಮ್ಮಿನೂ ಗಬ್ಬ ಅದರಿ. ಇಕೀಗಿ ಕೊಟ್ಟರ ವಾಂತಿ ಮಾಡ್ಕೊಂಡು ಸರಕಾರದ ಮಾಲು ಹಾಳು ಮಾಡ್ತಾಳ. ಎಮ್ಮಿ ನೋಡ್ರಿ, ಬೆಲ್ಲದಾಗ ಇಟ್ಟು ಕೊಟ್ಟರ ಗಪ್ಪ ನುಂಗತದ."

ಎಮ್ಮೆಯನ್ನು ನೋಡಿದೆ. ದೇವರಾಣೆ, ಇಷ್ಟು ವರ್ಷದ ಸೇವೆಯಲ್ಲಿ ಅಷ್ಟು ಹೊಳೆಯುವ ಬಸುರಿಯನ್ನು ನಾನು ಕಂಡಿರಲಿಲ್ಲ. ಕುಂತು ಅರ್ಧ ತಾಸು ತಿಳಿಸಿ ಹೇಳಿದೆ: ಗುಳಿಗೆ ಇರುವುದು ಮನುಷ್ಯರಿಗೆ, ಪ್ರತಿ ಗುಳಿಗೆಗೂ ಬಸುರಿಯ ತಾಯಿ ಕಾರ್ಡಿನಲ್ಲಿ ಲೆಕ್ಕವಿದೆ, ಎಮ್ಮೆಗೆ ಕೊಟ್ಟರೆ ನಾನು ಮೇಲಿನವರಿಗೆ ಏನು ಹೇಳಲಿ?

ಆಯಿ ಎಲ್ಲಾ ಕೇಳಿ, ಬಹಳ ವಿಚಾರ ಮಾಡಿ ಅಂದಳು: "ಅದಕ್ಯಾಕ ಚಿಂತಿ ಮಾಡ್ತೀರಿ ಸಿಸ್ಟರ್? ಎಮ್ಮೀದೂ ಒಂದು ತಾಯಿ ಕಾರ್ಡ್ ಮಾಡಿಬಿಡ್ರಲ್ಲ!"

೨. ಗುರುವಾರದ ಡಬ್ಬಿ

ಮಕ್ಕಳಿಗೆ ಲಸಿಕೆ ಹಾಕುವ ದಿನ ಗುರುವಾರ. ಗಾಣಗಾಪುರದ ದತ್ತನ ದಿನವೂ ಗುರುವಾರ. ದತ್ತ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಮ್ಮ ಭಾಗದ ನಂಬಿಕೆ. ಹಾಗಾಗಿ ಭಕ್ತರು ಐದು ಮನೆ ತಿರುಗಿ ಮಧುಕರಿ ಬೇಡುತ್ತಾರೆ, ಊರವರು ಇಲ್ಲವೆನ್ನದೆ ನೀಡುತ್ತಾರೆ. ನಾನೂ ಗುರುವಾರ ಮಧ್ಯಾಹ್ನ ಹೆಗಲಿಗೆ ಲಸಿಕೆಯ ನೀಲಿ ಡಬ್ಬಿ ಹಾಕಿಕೊಂಡು ಮನೆ ಮನೆ ತಿರುಗುತ್ತೇನೆ. ಮುಂದಿನದನ್ನು ನೀವೇ ಊಹಿಸಬಹುದು, ಆದರೂ ಹೇಳುತ್ತೇನೆ.

ಅವತ್ತು ಲಸಿಕೆ ಮುಗಿಸಿ ಆ ಹುಡುಗಿಯ ಮನೆಗೆ ಹೊರಟಿದ್ದೆ, ನನ್ನ ಕಣ್ಣೆದುರೇ ಗುಳಿಗೆ ನುಂಗಿಸೋಣವೆಂದು. ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕುಳಿತು, ಡಬ್ಬಿಯ ಮುಚ್ಚಳ ತೆಗೆದು ಲಸಿಕೆ ತಣ್ಣಗಿಡುವ ಬರ್ಫ ಕರಗಿದೆಯೋ ಎಂದು ಬಗ್ಗಿ ನೋಡುತ್ತಿದ್ದೆ. ಹಿಂದಿನಿಂದ ಒಂದು ಮುದುಕಿಯ ಕೈ ಬಂದು ಬರ್ಫದ ಮೇಲೆ ಒಂದು ಜೋಳದ ರೊಟ್ಟಿ ಇಟ್ಟಿತು. ಅದರ ಮೇಲೆ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಪೊಟ್ಟಣ.

"ಅಯ್ಯ ಯವ್ವಾ, ನಾ ಸಿಸ್ಟರ್ ಇದ್ದೇನ್ರಿ! ಭಿಕ್ಷಾಕ ಬಂದಾಕಿ ಅಲ್ಲ!"

"ಇರ್ಲಿ ತಗೋ ಯವ್ವಾ. ದತ್ತಪ್ಪ ಯಾವ ರೂಪದಾಗ ಬರ್ತಾನೋ ಯಾರಿಗೆ ಗೊತ್ತು? ಹೋದ ವಾರ ಲೈಟಿನ ಬಿಲ್ಲಿನವಗೂ ಕೊಟ್ಟೇನಿ."

ಅನ್ನ ದೇವರು. ತೆಗೆದು ಎಸೆಯುವಂತಿಲ್ಲ, ಲಸಿಕೆಯ ಡಬ್ಬಿಯಲ್ಲಿ ಇಡುವಂತೆಯೂ ಇಲ್ಲ. ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತೆ. ಕೈಯಲ್ಲಿ ರೊಟ್ಟಿ ಹಿಡಿದು ಗುರುವಾರ ಮಧ್ಯಾಹ್ನ ಬೀದಿಯಲ್ಲಿ ನಿಂತವಳಿಗೆ ಆಮೇಲೆ ವಾದ ಮಾಡುವ ಹಕ್ಕು ಇರುವುದಿಲ್ಲ. ಮುಂದಿನ ನಾಲ್ಕು ಮನೆಯವರು ತಾವೇ ಹೊರಗೆ ಬಂದು ನೀಡಿದರು. "ಐದು ಮನಿ ಆಗ್ಲಿಕ್ಕೇ ಬೇಕ್ರಿ ಸಿಸ್ಟರ್, ಇಲ್ಲಂದ್ರ ಫಲ ಇಲ್ಲ" ಅಂತ ನನಗೇ ಉಪದೇಶ.

ಸಂಜೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಬ್ಬಿ ಒಪ್ಪಿಸಿದೆ. ಉಳಿದ ಲಸಿಕೆಯ ಬಾಟಲಿಗಳು ತಮ್ಮ ಚೀಲದಲ್ಲಿ ಭದ್ರವಾಗಿದ್ದವು. ಗಡಿಬಿಡಿಯಲ್ಲಿ ಬರ್ಫದ ಸಂದಿಗೆ ಜಾರಿದ್ದ ಪೊಟ್ಟಣ ಮಾತ್ರ ನನಗೆ ಮರೆತೇ ಹೋಗಿತ್ತು. ನಮ್ಮ ಡಾಕ್ಟರ್ ಸಾಹೇಬರು ಹೊಸಬರು, ಶಿಸ್ತಿನವರು. ಅದನ್ನು ಎರಡು ಬೆರಳಲ್ಲಿ ಎತ್ತಿ, ಮೂಗಿನ ಹತ್ತಿರ ಹಿಡಿದು, "ಸಿಸ್ಟರ್, ಇದನ್ನು ಯಾವ ವಯಸ್ಸಿನ ಮಕ್ಕಳಿಗೆ ಹಾಕೋದು?" ಅಂದರು.

೩. ಪಾಪ ಪರಿಹಾರ

ಐದು ಮನೆಯ ರೊಟ್ಟಿ ನಾನೇ ತಿಂದೆನೆಂದು ತಿಳಿಯಬೇಡಿ. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಡುಗಿಯ ಮನೆಗೆ ಹೋದೆ. ಹೋದರೆ ಅಲ್ಲಿ ಸೊಸೆಗೆ ಉಪವಾಸ! "ಗುರುವಾರ ಅದರಿ, ನೀರು ಭೀ ಸಂಜೀಕೇ" ಅಂದಳು ಆಯಿ. ರಕ್ತ ಆರೂ ಮುಕ್ಕಾಲು, ಮೇಲೆ ಉಪವಾಸ.

ಆಗ ನನಗೊಂದು ಬುದ್ಧಿ ಬಂತು. ಶಿವ ಕೊಟ್ಟನೋ ನನ್ನ ಸಿಟ್ಟು ಕೊಟ್ಟಿತೋ ಇವತ್ತಿಗೂ ತಿಳಿದಿಲ್ಲ. "ಆಯಿ, ಇದು ಐದು ಮನಿ ಮಧುಕರಿ ಪ್ರಸಾದ. ಬ್ಯಾಡ ಅನ್ನಬಾರದು" ಅಂದು ರೊಟ್ಟಿ ಬಿಚ್ಚಿಟ್ಟೆ, ಅದರ ಮೇಲೆ ಒಂದು ಕೆಂಪು ಗುಳಿಗೆಯನ್ನೂ ಇಟ್ಟೆ. ಆಯಿ ರೊಟ್ಟಿಗೂ ಗುಳಿಗೆಗೂ ಸೇರಿಸಿ ಕೈ ಮುಗಿದು, "ಉಣ್ಣವಾ ಉಣ್ಣು, ಪ್ರಸಾದ!" ಎಂದು ತಾನೇ ಸೊಸೆಯ ಬಾಯಿಗಿಟ್ಟಳು. ಹುಡುಗಿ ಹಸಿದು ಎಷ್ಟು ದಿನವಾಗಿತ್ತೋ, ಎರಡು ರೊಟ್ಟಿ ತಿಂದಳು. ನನ್ನ ಕಣ್ಣಲ್ಲಿ ನೀರು ಬಂತು. ತಿಂಗಳ ಗುಳಿಗೆ ಆಯಿಯ ಕೈಗೇ ಕೊಟ್ಟು, "ದಿನಾ ಊಟ ಆದಮ್ಯಾಲ ಒಂದು ಪ್ರಸಾದ" ಅಂದು ಬಂದೆ.

ನಾಲ್ಕನೇ ದಿನ ಉಪಕೇಂದ್ರದ ಮುಂದೆ ಆ ಓಣಿಯ ಗಂಡಸರು ಹೆಂಗಸರೆಲ್ಲಾ ಸಾಲಾಗಿ ನಿಂತಿದ್ದರು. ಎಲ್ಲರ ಮುಖದಲ್ಲೂ ಗಾಬರಿ, ಎಲ್ಲರದೂ ಒಂದೇ ದೂರು: ಚೆರಿಗೆ ತಗೊಂಡು ಬಯಲಿಗೆ ಹೋದಾಗ ಕರ್ರಗೆ ಹೋಗುತ್ತಿದೆ. ಕಬ್ಬಿಣದ ಗುಳಿಗೆ ನುಂಗಿದರೆ ಹಾಗಾಗುವುದು ಸಹಜ. ಆದರೆ ಇವರೆಲ್ಲಾ ಯಾಕೆ ನುಂಗಿದರು?

ಆಯಿಯನ್ನು ಕರೆಸಿ ಕೇಳಿದೆ. ಅವಳು ನನ್ನನ್ನೇ ತಿದ್ದಿದಳು: "ಪ್ರಸಾದ ಒಬ್ಬರೇ ತಿನ್ನಬಾರದಲ್ರಿ ಸಿಸ್ಟರ್. ಓಣಿಗೆಲ್ಲಾ ಹಂಚೇನಿ."

ತಲೆ ಹಿಡಿದು ಕುಳಿತೆ. ದೇವರ ಹೆಸರಲ್ಲಿ ಸುಳ್ಳು ಹೇಳಿದರೆ ಶಿವ ಬಡ್ಡಿ ಸಮೇತ ತೀರಿಸುತ್ತಾನೆ. ಸಾಲಿನಲ್ಲಿದ್ದ ಒಬ್ಬ ಮುದುಕಪ್ಪ ಮಾತ್ರ ಬಹಳ ಸಂತೋಷದಲ್ಲಿದ್ದ. "ಯಾರೂ ಅಂಜಬ್ಯಾಡ್ರಿ" ಅಂತ ಉಳಿದವರಿಗೆ ಧೈರ್ಯ ಹೇಳಿ ನನ್ನ ಕಡೆ ತಿರುಗಿದ. "ಎಪ್ಪತ್ತು ವರ್ಷದ ಪಾಪ ಕರ್ರಗ ಹೊರಗ ಹೊಂಟದ ಸಿಸ್ಟರ್. ನಂದು ಬಹಳ ಅದ, ಇನ್ನೂ ಹತ್ತು ಕೊಡ್ರಿ."

೪. ಎಲ್ಲಿದ್ದಾಳೆ?

ಅಂದಿನಿಂದ ದಿನಾ ನಾನೇ ಹೋಗಿ ಗುಳಿಗೆ ನುಂಗಿಸಿ ಬರತೊಡಗಿದೆ. ರಕ್ತ ಎಂಟಾಯಿತು, ಎಂಟೂವರೆಯಾಯಿತು. ಅಷ್ಟರಲ್ಲಿ ಎಂಟನೇ ತಿಂಗಳು ಬಂತು, ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ಹುಡುಗಿಯನ್ನು ಆಳಂದ ತಾಲೂಕಿನ ಭೂಸನೂರಿಗೆ ಕಳಿಸಿಬಿಟ್ಟರು. ಅವಳ ತಪಾಸಣೆಯೆಲ್ಲಾ ಬರೆದಿದ್ದ ತಾಯಿ ಕಾರ್ಡು ಇಲ್ಲೇ, ಆಯಿಯ ಟ್ರಂಕಿನಲ್ಲಿ.

ಭೂಸನೂರು ಕಡೆಯ ಸಿಸ್ಟರಿಗೆ ಫೋನು ಮಾಡಿದೆ. "ಬಂದಿದ್ದಳಕ್ಕಾ, ಬರೇ ನಾಕು ದಿನ ಇದ್ದಳು. ಸಕ್ಕರಿ ಕಾರ್ಖಾನಿ ಹಂಗಾಮು ಸುರುವಾಗ್ಯಾದ, ಕಬ್ಬಿನ ಹಾಲಿನ ವಾಸನಿಗೆ ವಾಂತಿ ಅಂತ. ಯಡ್ರಾಮಿಗೆ ಸೋದರಮಾವನ ಮನಿಗೆ ಹೋಗ್ಯಾಳ."

ಯಡ್ರಾಮಿ ಕಡೆಯ ಸಿಸ್ಟರ್ ನನ್ನ ಜೇವರ್ಗಿ ಕಾಲದ ಗೆಳತಿ. ಅವಳು ಬಿಸಿಲಲ್ಲಿ ಮನೆ ಹುಡುಕಿ ಹೋಗಿ ಫೋನು ಮಾಡಿದಳು: "ಇಲ್ಲೂ ಇಲ್ಲ ನೋಡವ್ವಾ! ಮಾಮಿ ಜೋಡಿ ಸಣ್ಣ ಜಗಳ ಆಗ್ಯಾದಂತ. ಎಲ್ಲಿ ಹೋದಳೋ, ಸುಳಿವೇ ಇಲ್ಲ."

ಮೂರು ದಿನ, ಮೂರು ಸಿಸ್ಟರು, ನಲವತ್ತು ಫೋನು. ಮೂವರೂ ನಿಯಮದ ಪ್ರಕಾರ ನಮ್ಮ ನಮ್ಮ ಊರಿನ ಪಟ್ಟಿಯಲ್ಲಿ ಅವಳ ಹೆಸರು ಏರಿಸಿದ್ದೆವು. ಕಾಗದದ ಮೇಲೆ ಮೂವರು ಬಸುರಿಯರು, ನೆಲದ ಮೇಲೆ ಒಬ್ಬಳೂ ಇಲ್ಲ. ನಾಲ್ಕನೇ ದಿನ ಕಂಗೆಟ್ಟು ಆಯಿಯ ಮನೆಯ ಅಂಗಳದಲ್ಲೇ ನಿಂತು ಫೋನಿನಲ್ಲಿ ಕೂಗಾಡುತ್ತಿದ್ದೆ: "ಸಣ್ಣ ಹುಡಿಗಿ ಅದವಾ, ರಕ್ತ ಕಡಿಮಿ ಅದ, ಎಲ್ಲಿ ಬಿದ್ದಾಳೋ ಶಿವನೇ ಬಲ್ಲ!"

ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದೆ. ಮೊರದಲ್ಲಿ ಶೇಂಗಾ ಹಾಕಿಕೊಂಡು ಬಿಡಿಸುತ್ತಾ ಕುಳಿತಿದ್ದ ಸೊಸೆ ಮೆಲ್ಲಗೆ ಕೇಳಿದಳು: "ಯಾರು ಕಳದಾರ್ರಿ ಸಿಸ್ಟರ್? ನಾನೂ ಹುಡುಕಾಕ ಬರ್ಲೇನು?"

೫. ಅಮಾವಾಸ್ಯೆ

ಇಷ್ಟೆಲ್ಲಾ ಆದಮೇಲೂ ರಕ್ತ ಒಂಬತ್ತರ ಮೇಲೆ ಏರಲಿಲ್ಲ. ಹೆರಿಗೆ ದೊಡ್ಡ ದವಾಖಾನೆಯಲ್ಲೇ ಆಗಬೇಕು, ನೋವು ಬಂದ ತಕ್ಷಣ ಹೊರಡಬೇಕು ಎಂದು ಡಾಕ್ಟರ್ ಸಾಹೇಬರು ಖಡಾಖಂಡಿತ ಹೇಳಿದ್ದರು. ನೋವು ಬಂದದ್ದು ಅಮಾವಾಸ್ಯೆಯ ದಿನ, ಬೆಳಿಗ್ಗೆ ಹತ್ತಕ್ಕೆ. ಹತ್ತೂವರೆಗೆ ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು.

ಆಯಿ ಹೊಸ್ತಿಲಲ್ಲಿ ಅಡ್ಡ ಕುಳಿತಳು. "ಅಮಾಸಿ ದಿನ ಬಸುರಿ ಹೊಸ್ತಿಲ ದಾಟಬಾರದು. ಸಂಜೀ ಐದಕ್ಕ ಅಮಾಸಿ ಮುಗಿತದ, ಆಮ್ಯಾಲ ಹೋಗೂಣು."

"ಆಯಿ, ಕೂಸು ಪಂಚಾಂಗ ನೋಡಿ ಬರಂಗಿಲ್ಲ" ಅಂದೆ. ಕೇಳಲಿಲ್ಲ. ಕೈ ಮುಗಿದೆ. ಕೇಳಲಿಲ್ಲ. ಕಾಲು ಹಿಡಿದೆ. "ಎದ್ದೇಳ್ರಿ ಸಿಸ್ಟರ್, ನೀವು ದೊಡ್ಡವರು" ಅಂದಳು, ತಾನು ಮಾತ್ರ ಏಳಲಿಲ್ಲ. ಹುಡುಗಿಯ ಗಂಡ ಗೋಡೆಯ ಜೊತೆ ಗೋಡೆಯಾಗಿದ್ದ. ಒಳಗೆ ಹುಡುಗಿ ಒಮ್ಮೆ ಕಿರುಚಿದಳು, ಆಮೇಲೆ ಸುಮ್ಮನಾದಳು. ಆ ಸುಮ್ಮನಾದದ್ದಕ್ಕೆ ನನ್ನ ಎದೆ ಒಡೆಯಿತು.

ಸೇವೆಗೆ ಸೇರಿದಾಗಿನಿಂದ ನಾನು ಯಾವ ಬಸುರಿಯ ಮನೆಯವರ ಮೇಲೂ ದನಿ ಏರಿಸಿದವಳಲ್ಲ. ಅವತ್ತು ಏನಾಯಿತೋ, ತಲೆಯಿಂದ ಕಾಲಿನವರೆಗೆ ಗಡಗಡ ನಡುಗಿದೆ. ತುರುಬು ಬಿಚ್ಚಿ ಬೆನ್ನ ಮೇಲೆ ಹರಡಿತು, ಬೆವರಿಗೆ ವಿಭೂತಿ ಕಣ್ಣಿಗಿಳಿದು ಕಣ್ಣು ಕೆಂಪಾದವು. ಕೈಯಲ್ಲಿದ್ದ ಬಿ.ಪಿ. ಪಟ್ಟಿಯನ್ನು ಗಾಳಿಯಲ್ಲಿ ಬೀಸಿ, ನನಗೇ ಗುರುತು ಸಿಗದ ದನಿಯಲ್ಲಿ ಕೂಗಿದೆ: "ಏಏಏ! ಬಿಡ್ರೀ ಹಾದೀ!"

ಓಣಿ ಸ್ತಬ್ಧವಾಯಿತು. ಯಾರೋ ಪಿಸುಗುಟ್ಟಿದರು: "ಸಿಸ್ಟರ್ ಮೈಮ್ಯಾಲ ದೇವಿ ಬಂದಾಳ!"

ಆಯಿ ಹೊಸ್ತಿಲಿನಿಂದ ಎದ್ದು ನೇರ ನನ್ನ ಕಾಲಿಗೆ ಬಿದ್ದಳು. "ತಪ್ಪಾತು ತಾಯೀ! ಏನು ಬೇಡ್ತಿ ಬೇಡು. ಸೀರಿ ಉಡಸ್ಲ್ಯಾ? ಹೋಳಿಗಿ ಮಾಡಸ್ಲ್ಯಾ?"

"ಸೀರೀನೂ ಬ್ಯಾಡ, ಹೋಳಿಗೀನೂ ಬ್ಯಾಡ! ಹುಡಿಗೀನ ಗಾಡ್ಯಾಗ ಹಾಕ್ರೀ!"

ಎರಡು ನಿಮಿಷ ಆಗಲಿಲ್ಲ, ಹುಡುಗಿ ಗಾಡಿಯಲ್ಲಿದ್ದಳು. ಗೋಡೆಯಾಗಿದ್ದ ಗಂಡನೇ ಎತ್ತಿಕೊಂಡು ಬಂದ. ಡ್ರೈವರ್ ನನ್ನ ಕಡೆ ಬೆನ್ನು ಮಾಡಬಾರದೆಂದು ಅಡ್ಡಡ್ಡ ಕುಳಿತು ಗಾಡಿ ಶುರು ಮಾಡಿದ; ಬೈದು ನೆಟ್ಟಗೆ ಕೂರಿಸಿದೆ. ನಾನು ಇಷ್ಟಲಿಂಗ ಕಟ್ಟಿಕೊಂಡವಳು, ನನ್ನ ಮೈಮೇಲೆ ಇನ್ನೊಂದು ದೇವರು ಬರಲು ಜಾಗವೇ ಇಲ್ಲ. ಆದರೆ ಅದನ್ನು ವಿವರಿಸಿ ಹೇಳುವ ಹೊತ್ತು ಅದಲ್ಲವೆಂದು ಸುಮ್ಮನಾದೆ. ಶಿವ ಕ್ಷಮಿಸಲಿ.

ದಾರಿಯಲ್ಲಿ ಆಯಿ ಕೈ ಜೋಡಿಸಿ ಮೆಲ್ಲಗೆ ಕೇಳಿದಳು: "ತಾಯಿ, ನಿನಗ ಎಲ್ಲಾ ತಿಳಿತದ. ಗಂಡೋ, ಹೆಣ್ಣೋ?"

ಇಷ್ಟು ವರ್ಷದ ಅಭ್ಯಾಸ, ಬಾಯಿಂದ ತಾನೇ ಬಂತು: "ಅದನ್ನ ಮೊದಲೇ ಹೇಳೂದು ಕಾನೂನಿನಾಗ ಅಪರಾಧ ಅದ, ಆಯಿ."

ಆಯಿ ಬೆರಗಾದಳು. "ದೇವರಿಗೂ ಕಾನೂನು ಅದ ಏನ್ರಿ?"

"ಎಲ್ಲರಿಗೂ ಅದ" ಅಂದೆ.

ದವಾಖಾನೆಗೆ ಮುಟ್ಟಿದ ಮುಕ್ಕಾಲು ತಾಸಿಗೆ ಹೆಣ್ಣು ಕೂಸು ಹುಟ್ಟಿತು. ರಕ್ತ ಬಹಳ ಹೋಯಿತು, ಆದರೆ ಬಾಟಲಿ ಸಿದ್ಧವಿತ್ತು, ಡಾಕ್ಟರು ಇದ್ದರು, ತಾಯಿ ಉಳಿದಳು. ಸಂಜೆ ಐದರವರೆಗೆ ಕಾದಿದ್ದರೆ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರಮ್ಮ ಹೇಳಿದಾಗ ಆಯಿ ಕೂಸನ್ನು ಎದೆಗೆ ಅವುಚಿಕೊಂಡಳು. ನಾನು ಮೂಲೆಯಲ್ಲಿ ಹೋಗಿ ಲಿಂಗ ಹಿಡಿದು ಅತ್ತೆ.

ಸುದ್ದಿ ನನಗಿಂತ ಮುಂಚೆ ನಮ್ಮ ಕೇಂದ್ರ ತಲುಪಿತ್ತು. ಮರುದಿನ ಶಿಸ್ತಿನ ಡಾಕ್ಟರ್ ಸಾಹೇಬರು ಕೋಣೆಗೆ ಕರೆದು ಬಾಗಿಲು ಹಾಕಿದರು. ಕಾರಣ ಕೇಳುವ ನೋಟಿಸೇ ಇರಬೇಕೆಂದುಕೊಂಡೆ. ಅವರು ದನಿ ತಗ್ಗಿಸಿ ಅಂದರು:

"ಸಿಸ್ಟರ್, ಮಕ್ಕಳು ಸಾಕು ಅನ್ನೋ ಆಪರೇಷನ್ನಿಗೆ ಈ ಊರಿಂದ ಒಬ್ಬ ಗಂಡಸೂ ಇದುವರೆಗೆ ಬಂದಿಲ್ಲ. ಮುಂದಿನ ಸಲ ದೇವಿ ಬಂದಾಗ ಅದೊಂದು ಮಾತು ಹೇಳಿಸೋಕೆ ಆಗುತ್ತಾ?"

"ಬ್ಯಾಡ್ರಿ ಸರ್" ಅಂದೆ. "ಗಂಡಸರಿಗೆ ಆ ಮಾತು ಹೇಳಿದ್ರ, ಬಂದದ್ದು ದೇವಿ ಅಲ್ಲ ದೆವ್ವ ಅಂತ ಹೇಳಿ, ಬಿಡಸಾಕ ನನ್ನನ್ನ ಗಾಣಗಾಪುರಕ್ಕ ಕಟ್ಟಿ ಎಳಕೊಂಡು ಹೋಗ್ತಾರ್ರಿ!"