ಗಿರಣಿಯ ಮೂಲೆಯಲ್ಲಿ ಕಣ್ಣು ಮುಚ್ಚಿದವಳು

ನನ್ನ ಅಕ್ಕ ಧ್ಯಾನಕ್ಕೆ ಕೂತರೆ ಅವಳೊಬ್ಬಳಿಗೆ ಶಾಂತಿ, ಉಳಿದವರಿಗೆಲ್ಲ ಗಾಬರಿ! ಅನುಮಾನವಿದ್ದರೆ ರಿಪ್ಪನ್‌ಪೇಟೆಯ ನಮ್ಮ ಹಿಟ್ಟಿನ ಗಿರಣಿಗೆ ಬರುವ ಯಾರನ್ನು ಬೇಕಾದರೂ ಕೇಳಿ.

ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಮನೆಗೆ ಬಂದಳು. ಗಿರಣಿಯನ್ನು ಇಬ್ಬರೂ ಸೇರಿ ನಡೆಸುತ್ತಿದ್ದೆವು. ಅವಳಿಗೆ ಬಿ.ಪಿ. ಜಾಸ್ತಿಯಾಗಿದೆ ಎಂದು ಸಾಗರದ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಟೆನ್ಷನ್ ಕಮ್ಮಿ ಮಾಡ್ಕೊಳ್ಳಮ್ಮ" ಅಂದರು. ಮಾತ್ರೆಯನ್ನು ದಿನಾ ನಾನು ನೆನಪಿಸಬೇಕಿತ್ತು. ಮಾತನ್ನು ಮಾತ್ರ ಅವಳೇ ಗಟ್ಟಿಯಾಗಿ ಹಿಡಿದುಕೊಂಡಳು! ಸಾಗರದಲ್ಲೇ ಒಂದು ಧ್ಯಾನ ಶಿಬಿರಕ್ಕೆ ಫೀಸು ಕಟ್ಟಿ ಹೋಗಿಬಂದಳು.

ಧ್ಯಾನ ಮಾಡಲು ನಮ್ಮ ಮನೆಯಲ್ಲಿ ದೇವರ ಕೋಣೆ ಇಲ್ಲವೇ? ಜಗಲಿ ಇಲ್ಲವೇ? ಅವಳು ಆರಿಸಿಕೊಂಡದ್ದು ಗಿರಣಿಯ ಮೂಲೆ! ಅತ್ತ ಬೆಲ್ಟು ಪಟಪಟ, ಇತ್ತ ಯಂತ್ರ ಗುರ್ರ್.

"ಈ ಗದ್ದಲದಲ್ಲಿ ಎಂತ ಧ್ಯಾನನೇ ಅಕ್ಕಾ?"

"ಮನೇಲಿ ಕೂತ್ರೆ ಲೋಟ ಬಿದ್ದದ್ದು ಕೇಳ್ತದೆ. ಯಾರು ಬೀಳಿಸಿದ್ರು, ನೆಗ್ಗಿತಾ ಅಂತ ತಲೆ ಓಡ್ತದೆ. ಇಲ್ಲಿ ಆಕಾಶ ಬಿದ್ರೂ ಕೇಳಲ್ಲ ಮಾರಾಯ್ತಿ!"



ಹಿಟ್ಟು ಹಾರಿ ಹಾರಿ ಅವಳ ತಲೆ, ರೆಪ್ಪೆ ಎಲ್ಲ ಬೆಳ್ಳಗಾಗುತ್ತಿತ್ತು. ಹೊಸನಗರ ಕಡೆಯ ಹಿರಿಯರೊಬ್ಬರು ಒಂದು ದಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು, ಅವಳ ಮುಂದೆ ಒಂದು ನಾಣ್ಯ ಇಟ್ಟರು. ಅಕ್ಕ ಒಂದೇ ಕಣ್ಣು ತೆರೆದು, "ಗೋಧಿಯಾ, ರಾಗಿಯಾ?" ಅಂದಳು!

ನಮ್ಮದು ಒಂದೇ ಯಂತ್ರ. ಮೆಣಸು ಬೀಸಿದ ಮೇಲೆ ಒಂದೆರಡು ಮುಷ್ಟಿ ನುಚ್ಚು ಹಾಕಿ ಖಾರವೆಲ್ಲ ತೆಗೆಯಬೇಕು, ಆಮೇಲೆ ಬೇರೆ ಧಾನ್ಯ. ಒಂದು ದಿನ ಆಗತಾನೇ ಧ್ಯಾನದಿಂದ ಎದ್ದ ಅಕ್ಕ ನುಚ್ಚು ಮರೆತು, ಮೇಷ್ಟ್ರ ಹೆಂಡತಿಯ ಅಕ್ಕಿಯನ್ನು ಸುರಿದೇಬಿಟ್ಟಳು. ಮರುದಿನ ಅವರು ಡಬ್ಬಿ ಹಿಡಿದು ಬರುವುದನ್ನು ಕಂಡು ನಾನು ಮೂಟೆಗಳ ಹಿಂದೆ ಅಡಗಿದೆ.

"ನಿನ್ನೆ ಬೀಸಿದ ಹಾಗೇ ಬೀಸಿಕೊಡಿ. ನಮ್ಮನೆಯವರು ಎರಡು ರೊಟ್ಟಿ ಜಾಸ್ತಿ ತಿಂದ್ರು!"

"ಎಲ್ಲ ಧ್ಯಾನದ ಫಲ," ಅಂದಳು ಅಕ್ಕ ಗಂಭೀರವಾಗಿ.

"ನನ್ ಜೊತೆ ಒಂಚೂರು ಕೂತ್ಕೊಳೆ, ಮನಸ್ಸು ಹಗುರ ಆಗ್ತದೆ" ಎಂದು ನನ್ನ ಹಿಂದೆಯೂ ಬಿದ್ದಳು. ಕಾಟ ತಾಳದೆ ಒಂದು ಸಲ ಕೂತೆ.

"ಎಂತ ಕಂಡ್ತು?"

"ಹಾಲಿನ ಪಾತ್ರೆ."

"ಅಬ್ಬ, ಎಷ್ಟು ಬೇಗ ಏಕಾಗ್ರತೆ!"

ಏಕಾಗ್ರತೆ ಎಲ್ಲಿಂದ ಬರಬೇಕು? ಒಲೆಯ ಮೇಲಿಟ್ಟ ಹಾಲು ಅಷ್ಟರಲ್ಲಿ ಉಕ್ಕಿ ನೆಲಕ್ಕಿಳಿದಿತ್ತು! ಮತ್ತೆ ನಾನು ಕೂರಲಿಲ್ಲ. ಕರೆದಾಗಲೆಲ್ಲ "ನಾಳೆ" ಅಂದೆ.

ಆಮೇಲೆ ಆ ದಿನ ಬಂತು. ದೀಪಾವಳಿಯ ಹೊತ್ತು, ಬಾಗಿಲಾಚೆಗೂ ಡಬ್ಬಿಗಳ ಸಾಲು. ನಾನು ಬೆವರು ಸುರಿಸುತ್ತಿದ್ದೇನೆ, ಅವಳು ಮೂಲೆಯಲ್ಲಿ ಕಣ್ಣು ಮುಚ್ಚಿದ್ದಾಳೆ. ಯಂತ್ರ ನಿಲ್ಲಿಸಿ ಕೂಗಿದೆ, "ಕೂತು ಉಣ್ಣೋರಿಗೆ ಧ್ಯಾನ! ದುಡಿಯೋರಿಗೆ ಎಲ್ಲಿಂದ ಬರಬೇಕು?"

ಯಂತ್ರ ನಿಂತಿತ್ತಲ್ಲ, ಎಲ್ಲರಿಗೂ ಕೇಳಿತು.

ಅಕ್ಕ ಎದ್ದಳು. ಅಷ್ಟೂ ಡಬ್ಬಿ ಬೀಸಿ ಮುಗಿಸಿದಳು. ಹಬ್ಬ ಕಳೆದದ್ದೇ ತೀರ್ಥಹಳ್ಳಿ ಬಸ್ಸು ಹತ್ತಿದಳು. ಈಗ ಅಲ್ಲೊಂದು ಹಾಸ್ಟೆಲಿನಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಾಳೆ. ಯಾರಾದರೂ ಕೇಳಿದರೆ, "ಅಲ್ಲಿ ಸಂಬಳ ಚೆನ್ನಾಗಿದೆ" ಅನ್ನುತ್ತೇನೆ. ನಾಚಿಕೆಯಿಲ್ಲದ ನಾಲಿಗೆ ನನ್ನದು.

ಈಗ ಗಿರಣಿಯ ಮೂಲೆ ಖಾಲಿ. ಅಲ್ಲಿ ಯಾರಾದರೂ ಚೀಲ ಇಟ್ಟರೆ ಎತ್ತಿ ಪಕ್ಕಕ್ಕಿಡುತ್ತೇನೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. "ಕ್ಷಮಿಸು" ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದೇನೆ, ಬಾಯಲ್ಲಿ ಆಡಿ ಅಭ್ಯಾಸವಿಲ್ಲ. ಹಾಗಾಗಿ ಅವಳಿಗೆ ಫೋನ್ ಮಾಡಿದಾಗಲೆಲ್ಲ ಊಟ ಆಯ್ತಾ, ಮಳೆ ಬಂತಾ, ಇಷ್ಟೇ.

ಮೊನ್ನೆ ಸಂಜೆ ಗಿರಣಿಯ ಬಾಗಿಲು ಹಾಕುವಾಗ ಫೋನ್ ಮಾಡಿದೆ. ಹೇಗೋ ಬಾಯಿಗೆ ಬಂತು.

"ಅಕ್ಕಾ, ಅವತ್ತು ಯಾಕೆ ನನಗೆ ತಿರುಗಿ ಬೈಲಿಲ್ಲ?"

"ಬೈಬಾರ್ದು ಅಂತಲೇ ಅಲ್ವೇನೇ ಕಲಿತದ್ದು! ಫೀಸು ಕಟ್ಟಿ ಕಲಿತದ್ದು!"

ನಗಬೇಕಿತ್ತು. ಆಗಲಿಲ್ಲ.

"ಫೋನ್ ಇಡಬೇಡ," ಅಂದಳು. "ಕಣ್ಣು ಮುಚ್ಚಿ ಕೂತ್ಕೊ. ನಾನೂ ಕೂರ್ತೀನಿ."

ಕೂತೆ. ಆ ಕಡೆ ಅವಳ ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಕೇಳುತ್ತಿತ್ತು. ನನ್ನ ಉಸಿರನ್ನೂ ಅದರ ಜೊತೆಗೇ ಬಿಟ್ಟೆ.

"ಮನೆಗೆ ಬಾರೆ ಅಕ್ಕಾ," ಅಂದೆ.

"ಧ್ಯಾನದಲ್ಲಿ ಮಾತಾಡಬಾರ್ದು," ಅಂದಳು. ಅಂದವಳ ಉಸಿರು ಎಲ್ಲೋ ತಡವರಿಸಿತು.

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡೆ.