ಮೂರು ಬಣ್ಣದ ಜಲ್ಲಿ

“ಜಲ್ಲಿ ಸಿಕ್ತಂತೆ, ಸಂತೋಷ ಸಾರ್. ಆದ್ರೆ ಈ ಬಡವನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಪುರುಷೋತ್ತಮ ಬಸ್ಸಿನಿಂದ ಇನ್ನೂ ಒಂದೇ ಕಾಲು ಕೆಳಗಿಟ್ಟಿದ್ದ. ಮಾತಾಡಿದವನು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಬೈರಯ್ಯ ಮೇಸ್ತ್ರಿ. ಬಸವೇಶ್ವರನಗರದ ಆ ಕಡೆಯ ಅರ್ಧ ಮನೆಗಳನ್ನು ಕಟ್ಟಿದವನು. ಉಳಿದರ್ಧ ಮನೆಗಳಲ್ಲಿ ಏನೇನು ತಪ್ಪಿದೆ ಎಂದು ಹೇಳಬಲ್ಲವನು.

ಪುರುಷೋತ್ತಮ ಕಂಕುಳ ಪೊಟ್ಟಣವನ್ನು ಒಮ್ಮೆ ಮುಟ್ಟಿಕೊಂಡ. ಜೆಲ್ಲಿ ಮಾಡುವ ಸಾಮಾನು ಸಿಕ್ಕಿತೆಂದು ಬೆಳಿಗ್ಗೆ ತಾನೇ ಎದುರುಮನೆಗೆ ಫೋನ್ ಮಾಡಿದ್ದ. ಅಷ್ಟರಲ್ಲಿ ಮೇಸ್ತ್ರಿಯವರೆಗೂ ಬಂತೇ?

“ನಿಮಗೂ ಅದರ ಪರಿಚಯ ಇದೆಯಾ ಬೈರಯ್ಯ?”

“ಏನ್ ಸಾರ್ ಹಿಂಗಂತೀರಾ! ಹುಟ್ಟಿದಾಗಿಂದ ಅದ್ರಲ್ಲೇ ಬಿದ್ದಿದೀನಿ. ಎಲ್ಲಿಂದ ತರಿಸ್ತಾ ಇದೀರಾ?”

“ಚಿಕ್ಕಪೇಟೆಯಿಂದ. ಅಲ್ಲೊಂದು ದ್ರಾಕ್ಷಿ-ಗೋಡಂಬಿ ಅಂಗಡಿ ಇದೆ.”

ಬೈರಯ್ಯನ ಬೀಡಿ ಕೆಳತುಟಿಗೆ ಅಂಟಿಕೊಂಡು ಜೋತಾಡಿತು. “ಗೋಡಂಬಿ ಅಂಗಡೀಲಾ? ಮಾಲು ಗಟ್ಟಿ ಇದೆಯಾ?”

“ಈಗೆಲ್ಲಿ ಗಟ್ಟಿ? ನೀರು ಕಾಯಿಸಿ ಅದ್ರಲ್ಲಿ ಕರಗಿಸ್ಬೇಕು. ಸಂಜೆ ಹೊತ್ತಿಗೆ ತಾನೇ ಗಟ್ಟಿಯಾಗುತ್ತೆ.”

ಮೀಸೆ ಮೂಡುವ ಮೊದಲೇ ಕರಣೆ ಹಿಡಿದಿದ್ದ ಬೈರಯ್ಯ, ಕರಗುವ ಜಲ್ಲಿಯನ್ನು ಕಂಡಿರಲಿಲ್ಲ. ಬೀಡಿಯನ್ನು ತುಟಿಯಿಂದ ಬಿಡಿಸಿಕೊಂಡು ಕೇಳಿದ: “ಬಣ್ಣ?”

“ಕೆಂಪು, ಹಸಿರು, ಹಳದಿ.”

ಬೈರಯ್ಯನ ಮುಖ ಕರೆಂಟು ಬಂದ ಬೀದಿಯ ಹಾಗೆ ಬೆಳಗಿತು. “ಓ, ಮೊಸಾಯಿಕ್ ನೆಲಕ್ಕಾ! ಮೊದ್ಲೇ ಹೇಳ್ಬಾರ್ದಾ! ದೊಡ್ಡೋರು ಬಿಡಿ ಸಾರ್ ನೀವು.” ಬೀಡಿ ಎಸೆದು, ಸೈಕಲ್ ಹತ್ತಿ, ಮನೆಯ ಓನರ್ ನಂಜುಂಡಪ್ಪನವರ ಕಡೆಗೆ ತುಳಿದೇಬಿಟ್ಟ. ಬಸ್ಸು ಹೊರಡುವ ಸದ್ದಿನಲ್ಲಿ ಪುರುಷೋತ್ತಮನಿಗೆ ‘ದೊಡ್ಡೋರು’ ಎಂಬುದಷ್ಟೇ ಕೇಳಿತು. ಶನಿವಾರದ ಅರ್ಧ ದಿನದ ಆಫೀಸು ಮುಗಿಸಿ ಬಂದವನಿಗೆ ಅಷ್ಟು ಸಾಕಾಗಿತ್ತು. ಖುಷಿಯಲ್ಲೇ ಮನೆಯ ದಾರಿ ಹಿಡಿದ.

ಮನೆ ಅಂದರೆ ನಂಜುಂಡಪ್ಪನವರ ಮನೆಯ ಹಿಂದಿನ ಎರಡು ಕೋಣೆ, ಮೇಲೆ ಶೀಟು. ಆದರೆ ನಲ್ಲಿಯಲ್ಲಿ ದಿನಾ ಕಾವೇರಿ ನೀರು, ಕೂಗಳತೆಯಲ್ಲಿ ಬಸ್ ಸ್ಟಾಪು. ಇಂಥ ಮನೆ ಬಿಟ್ಟರೆ ಹೇರೋಹಳ್ಳಿಯ ಆಚೆಗೆ ಹೋಗಿ ಕೆಸರು ತುಳಿಯಬೇಕು. ಬಾಡಿಗೆ ಕರಾರು ಈ ತಿಂಗಳಿಗೆ ಮುಗಿಯುತ್ತಿತ್ತು. ಮುಂದುವರಿಸ್ತೀರಾ ಸಾರ್ ಎಂದು ಕೇಳಿದಾಗಲೆಲ್ಲ ನಂಜುಂಡಪ್ಪನವರು “ನೋಡೋಣ” ಎಂದು ತೆಂಗಿನಮರದ ತುದಿ ನೋಡುತ್ತಿದ್ದರು.

“ಆ ‘ನೋಡೋಣ’ ಹೋಗಿ ‘ಇರಿ’ ಅನ್ನೋ ಹಾಗೆ ಮಾಡ್ತೀನಿ ಕಣ್ರೀ,” ಎಂದಿದ್ದಳು ಪುರುಷೋತ್ತಮನ ಹೆಂಡತಿ ವತ್ಸಲಾ. ನಂಜುಂಡಪ್ಪನವರ ಮನೆಯಾಕೆ ಅನಂತಲಕ್ಷ್ಮಮ್ಮ ಯಾವುದೋ ರಿಸೆಪ್ಷನ್ನಿನಲ್ಲಿ ಮೂರು ಬಣ್ಣದ ಜೆಲ್ಲಿ ತಿಂದು ಬಂದವರು, ನೆಂಟರ ಮದುವೆಯ ಹೆಣ್ಣುಗಂಡನ್ನು ಮರೆತರೂ ಆ ಜೆಲ್ಲಿಯನ್ನು ಮರೆತಿರಲಿಲ್ಲ. ಇವತ್ತು ಸಂಜೆ ಗಂಡಹೆಂಡಿರನ್ನು ಕಾಫಿಗೆ ಕರೆದು, ಹೇಳದೆ ಕೇಳದೆ ಜೆಲ್ಲಿಯನ್ನು ಮುಂದಿಡುವುದು ವತ್ಸಲಳ ಹೂಟ. ಆದರೆ ಡಬ್ಬಿಯಲ್ಲಿ ಬರುವ ಜೆಲ್ಲಿಪುಡಿಗೆ ಮೂಳೆ ಬೇಯಿಸಿ ಹಾಕಿರುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಲಿಂಗ ಕಟ್ಟಿಕೊಂಡವರಿಗೆ ಮೂಳೆ ತಿನ್ನಿಸಿ ಮನೆ ಉಳಿಸಿಕೊಳ್ಳುವುದೇ? ಅದಕ್ಕೇ ಪುರುಷೋತ್ತಮ ಕಾಫಿ ಬಿಡುವಿನಲ್ಲಿ ಚಿಕ್ಕಪೇಟೆಗೆ ಓಡಿ, ಸಮುದ್ರದ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಹುಡುಕಿ ತಂದದ್ದು. ತಂದವನು ಸಂಭ್ರಮ ತಡೆಯಲಾರದೆ ಆಫೀಸಿನಿಂದ ಎದುರುಮನೆಯ ಯಶೋದಮ್ಮನವರಿಗೆ ಫೋನ್ ಮಾಡಿದ್ದ.

“ವತ್ಸಲಾಗೆ ಹೇಳ್ಬಿಡಿ ಯಶೋದಮ್ಮನೋರೇ, ಜೆಲ್ಲಿ ಸಿಕ್ತು ಅಂತ. ಓನರ್‌ಗೆ ಮಾತ್ರ ಗೊತ್ತಾಗೋದು ಬೇಡ.”

ಆ ಫೋನಿನಲ್ಲಿ ಯಾರು ಮಾತಾಡಿದರೂ ಬಾವಿಗೆ ಬಿದ್ದವರು ಕೂಗಿದಂತೆ ಕೇಳುತ್ತಿತ್ತು. ಮೇಲಾಗಿ ಯಶೋದಮ್ಮನವರಿಗೆ ಜೆಲ್ಲಿ ಗೊತ್ತಿರಲಿಲ್ಲ. ಜಲ್ಲಿ ಚೆನ್ನಾಗಿ ಗೊತ್ತಿತ್ತು; ಮನೆ ಕಟ್ಟಿಸುವಾಗ ವರ್ಷಗಟ್ಟಲೆ ಅದರ ಮೇಲೇ ಓಡಾಡಿದವರು.

ಮನೆಯಲ್ಲಿ ವತ್ಸಲಾ ಅಡುಗೆಮನೆಯ ಕಿಟಕಿ ಹಾಕಿಕೊಂಡು ಸಿದ್ಧವಾಗಿದ್ದಳು. ಪೊಟ್ಟಣ ಬಿಚ್ಚಿದರೆ ಒಳಗಿದ್ದದ್ದು ಮುದಿ ಸನ್ಯಾಸಿಯ ಗಡ್ಡದಂಥ ಒಣ ಎಳೆಗಳು. “ಇದು ಜೆಲ್ಲಿ ಆಗುತ್ತೇನ್ರೀ?” ಎಂದು ಅನುಮಾನದಿಂದಲೇ ನೀರಿಗೆ ಹಾಕಿ ಕುದಿಸಿದಳು. ಗುಲಾಬಿ ಷರಬತ್ತು ಬೆರೆಸಿ ತಟ್ಟೆಗೆ ಸುರಿದ ಕೆಂಪು ಪದರ ಸೊಗಸಾಗಿ ಕೂತಿತು. ಅವಸರದಲ್ಲಿ ಅದರ ಮೇಲೆ ಸುಡುಸುಡು ಹಸಿರು ಹೊಯ್ದಳು. ಕೆಳಗಿನ ಕೆಂಪು ಕರಗಿ ಮೇಲೆದ್ದು, ಎರಡೂ ಕೂಡಿ, ಹಳೇ ಛತ್ರಿಬಟ್ಟೆಯ ಬಣ್ಣವಾಯಿತು.

“ಹಸಿರು ಅಂದ್ಕೊಂಡ್ರೆ ಹಸಿರೇ. ನೀವು ಬೀಸಿ,” ಎಂದಳು.

ಪುರುಷೋತ್ತಮ ಪೇಪರ್ ಮಡಿಚಿ ತಟ್ಟೆಗೆ ಗಾಳಿ ಹಾಕತೊಡಗಿದ. ಹಳದಿ ಪದರ ಹೊಯ್ದು ಉಸಿರು ಬಿಡುವಷ್ಟರಲ್ಲಿ ಯಾರೋ ಕಿಟಕಿ ಬಡಿದರು.

“ಹಾಡುಹಗಲಲ್ಲಿ ಯಾಕಮ್ಮಾ ಕಿಟಕಿ ಹಾಕ್ಕೊಂಡಿದೀರಾ?” ಯಶೋದಮ್ಮನವರ ದನಿ. “ಪ್ಲಾನ್ ನೋಡ್ತಿದೀರಾ?”

“ಪ್ಲಾನೇನಿಲ್ಲ, ಗಟ್ಟಿಯಾಗ್ಲಿ ಅಂತ ಕಾಯ್ತಿದೀವಿ,” ಎಂದು ಪುರುಷೋತ್ತಮ ಬಾಗಿಲು ತೆರೆದ.

“ಸರಿ ಸರಿ, ಎಲ್ಲಾ ಗಟ್ಟಿಯಾದ್ಮೇಲೇ ಹೇಳಿ. ಆದ್ರೆ ಗುದ್ದಲಿ ಪೂಜೆಗೆ ಕರೀದೇ ಹೋದ್ರೆ ನಾನಂತೂ ಸುಮ್ನಿರಲ್ಲ.”

“ಯಾವ ಗುದ್ದಲಿ?”

“ನಾಟಕ ಸಾಕು. ಸೈಟು ಹೇರೋಹಳ್ಳೀಲೋ, ಕೆಂಗೇರೀಲೋ? ಅದಕ್ಕೆ ಮೊಸಾಯಿಕ್ ನೆಲ ಬೇರೆ! ಬೀದಿಗೆಲ್ಲಾ ಹೇಳ್ಕೊಂಡು ಬರ್ತಾ ಇದಾನೆ ಬೈರಯ್ಯ.”

ಬಸ್ ಸ್ಟಾಪಿನ ಮಾತುಗಳೆಲ್ಲ ಒಂದೊಂದಾಗಿ ಪುರುಷೋತ್ತಮನ ತಲೆಯ ಮೇಲೆ ಉದುರಿದವು. “ಅಯ್ಯೋ, ಜಲ್ಲಿ ಅಲ್ಲಮ್ಮ, ಜೆಲ್ಲಿ! ತಿನ್ನೋದು!”

“ತಿನ್ನೋದಾಗಿದ್ರೆ ಓನರ್‌ಗೆ ಗೊತ್ತಾಗೋದು ಬೇಡ ಅಂತ ಯಾಕಂದ್ರಿ?”

“ಅವ್ರಿಗೇ ಕೊಡೋಕೆ!”

“ಅವ್ರಿಗೆ ಕೊಡೋದನ್ನ ಅವ್ರಿಗೆ ಗೊತ್ತಾಗ್ದಂಗೆ ಹೆಂಗ್ರೀ ಕೊಡ್ತೀರಾ?” ಯಶೋದಮ್ಮ ಕನಿಕರದಿಂದ ನಕ್ಕರು. “ದೃಷ್ಟಿಯಾಗುತ್ತೆ ಅಂತ ಮುಚ್ಚಿಡ್ತಿದೀರಾ, ಇರ್ಲಿ ಬಿಡಿ. ಆದ್ರೆ ನೀವು ಖಾಲಿ ಮಾಡ್ತಿದೀರಾ ಅಂತ ಬೈರಯ್ಯ ಮೊದ್ಲು ಹೋಗಿ ಹೇಳಿದ್ದೇ ನಂಜುಂಡಪ್ಪನೋರಿಗೆ. ಅಗೋ, ಅವ್ರೇ ಬರ್ತಿದಾರೆ.”

ತಟ್ಟೆಯಲ್ಲಿದ್ದ ಜೆಲ್ಲಿ ಗಟ್ಟಿಯಾಗಿತ್ತು. ವತ್ಸಲಾ ಕೊಬ್ಬರಿಮಿಠಾಯಿಯ ಹಾಗೆ ಚಕಚಕನೆ ಕತ್ತರಿಸಿ ತಟ್ಟೆಯನ್ನು ನಡುಮನೆಗೆ ತಂದಿಟ್ಟಳು.

ಆದರೆ ನಂಜುಂಡಪ್ಪನವರು ಕೂಗಾಡಲಿಲ್ಲ. ಬಾಗಿಲಲ್ಲಿ ನಿಂತು ನಕ್ಕರು. ಈ ಮನೆಗೆ ಬಂದಾಗಿನಿಂದ ಪುರುಷೋತ್ತಮ ಅವರ ಹಲ್ಲು ನೋಡಿದ್ದು ಅದೇ ಮೊದಲು. ಹಿಂದೆಯೇ ಅನಂತಲಕ್ಷ್ಮಮ್ಮ, ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು.

“ಇಂಥಾ ಶುಭಸಮಾಚಾರ ಮುಚ್ಚಿಡ್ತಾರೇನ್ರೀ?” ಎಂದರು ನಂಜುಂಡಪ್ಪ. “ಏನೇ ಆದ್ರೂ ಸ್ವಂತ ಮನೆ ಸ್ವಂತ ಮನೇನೇ.”

“ಸಾರ್, ಮನೇನೂ ಇಲ್ಲ, ಸೈಟೂ ಇಲ್ಲ!” ಪುರುಷೋತ್ತಮ ತಟ್ಟೆಯನ್ನು ಅವರ ಮೂಗಿನ ತನಕ ಹಿಡಿದ. “ಇದೇ ಸಾರ್ ಆ ಜಲ್ಲಿ! ನಿಮಗೆ ಅಂತಾನೇ ಮಾಡಿದ್ದು. ನೋಡಿದ್ಕೂಡ್ಲೇ ಖುಷಿಯಾಗ್ಲಿ ಅಂತ ಮೊದ್ಲೇ ಹೇಳಿರ್ಲಿಲ್ಲ. ಫೋನಲ್ಲಿ ತಪ್ಪಾಗಿ ಕೇಳಿಸ್ಕೊಂಡಿದಾರೆ.”

ಅಷ್ಟರಲ್ಲಿ ಅನಂತಲಕ್ಷ್ಮಮ್ಮನವರ ಬಾಯಲ್ಲಿ ಒಂದು ತುಂಡು ಸೇರಿಯಾಗಿತ್ತು. “ಅದೇ ಕಣ್ರೀ! ರಿಸೆಪ್ಷನ್ನಿಂದು! ಮಧ್ಯದ ಬಣ್ಣ ಒಂದು ಸ್ವಲ್ಪ ಹೆಂಗೋ ಇದೆ, ರುಚಿ ಅದೇ!”

ನಂಜುಂಡಪ್ಪನವರೂ ಒಂದು ಬಾಯಿಗಿಟ್ಟರು. ಅದು ಎಡಗೆನ್ನೆಗೆ ಜಾರಿ, ಬಲಗೆನ್ನೆಗೆ ಜಾರಿ, ಕೇಳದೆಯೇ ಗಂಟಲಿಗಿಳಿಯಿತು. ಜಲ್ಲಿ, ಜೆಲ್ಲಿ ಎಂದು ಎರಡು ಸಲ ಹೇಳಿಕೊಂಡು, ಹೊಟ್ಟೆ ಹಿಡಿದು ನಗತೊಡಗಿದರು. ಯಶೋದಮ್ಮನವರೂ ನಕ್ಕು, ಆಣೆ-ಪ್ರಮಾಣ ಕೇಳದೆ, ತಿಂದೇ ನಂಬಿದರು. ವತ್ಸಲಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

“ಇಂಥೋರ್ನ ಕಳ್ಸೋಕೆ ಮನಸ್ಸು ಬರುತ್ತೇನ್ರೀ?” ಎಂದರು ಅನಂತಲಕ್ಷ್ಮಮ್ಮ, ಮೂರನೆಯದನ್ನು ಎತ್ತಿಕೊಳ್ಳುತ್ತ. “ಇರಿ ಅನ್ನಿ.”

ನಂಜುಂಡಪ್ಪನವರು ಬಾಯಿ ತೆರೆದರು. “ಇ...”

ಹೊರಗೆ ಲಾರಿಯ ಹಾರನ್ ಕೂಗಿತು. ಅವರ ನಗು ಅಲ್ಲೇ ನಿಂತಿತು. ಕಣ್ಣು ತೆಂಗಿನಮರ ಹುಡುಕಿತು. ಒಳಗೆ ಮರವಿಲ್ಲದ್ದರಿಂದ ಶೀಟು ನೋಡಿದರು.

“ಅದು ಬೈರಯ್ಯ ಇರ್ಬೇಕು,” ಎಂದರು. “ಈ ಹಿಂದಿನ ಭಾಗ ಕೆಡವಿ ಎರಡಂತಸ್ತು ಎಬ್ಬಿಸ್ಬೇಕು ಅಂತ ಪ್ಲಾನ್ ಪಾಸಾಗಿ ಯುಗಾದಿ ಕಳೀತು ಪುರುಷೋತ್ತಮ್. ನಿಮ್ಮಂಥೋರಿಗೆ ಖಾಲಿ ಮಾಡಿ ಅನ್ನೋಕೆ ನನ್ಗೆ ಬಾಯೇ ಬರ್ಲಿಲ್ಲ. ಮಧ್ಯಾಹ್ನ ಅವನು ಬಂದು, ನೀವೇ ಹೊರಡ್ತಿದೀರಾ ಅಂದ. ದೇವ್ರು ದಾರಿ ತೋರಿಸ್ದ ಅಂತ, ಇವತ್ತೇ ಕೆಲ್ಸ ಶುರು ಮಾಡಪ್ಪ ಅಂದ್ಬಿಟ್ಟೆ.”

“ಬೇಡ ಅಂತ ಈಗ ಹೇಳ್ಬಹುದಲ್ಲಾ ಸಾರ್?”

“ಆಡಿದ ಮಾತು ವಾಪಸ್ ತಗೋಬಹುದು ಕಣ್ರೀ,” ನಂಜುಂಡಪ್ಪನವರು ನಿಜವಾದ ವ್ಯಥೆಯಿಂದ ಹೇಳಿದರು. “ಲಾರೀಲಿ ಬಂದ ಜಲ್ಲಿ ವಾಪಸ್ ಹೋಗಲ್ಲ.”

ಲಾರಿ ಹಿಮ್ಮುಖವಾಗಿ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಫುಟ್‌ಬೋರ್ಡಿನ ಮೇಲೆ ಜೋತುಬಿದ್ದಿದ್ದ ಬೈರಯ್ಯ ಪುರುಷೋತ್ತಮನನ್ನು ಕಂಡು ಹಲ್ಲು ಬಿಟ್ಟ.

“ಚಿಕ್ಕಪೇಟೆ ಮಾಲಲ್ಲ ಸಾರ್ ಇದು. ಕರಗಲ್ಲ! ಇಲ್ಲೇ ಸುರಿಸ್ಲಾ?”

“ಒಂದ್ನಿಮಿಷ ತಾಳಿ,” ಎಂದ ಪುರುಷೋತ್ತಮ. “ಚಪ್ಪಲಿ ಎತ್ಕೋತೀನಿ.”

ಲಾರಿಯ ಹಿಂಬಾಗಿಲು ಬಿಚ್ಚಿಕೊಂಡಿತು. ಜಲ್ಲಿ ಧಡಧಡನೆ ಇಳಿದ ಸದ್ದಿಗೆ, ತಟ್ಟೆಯಲ್ಲಿ ಉಳಿದಿದ್ದ ಒಂದೇ ಒಂದು ತುಂಡು ಜೆಲ್ಲಿ ಗಡಗಡ ನಡುಗಿತು. ಅನಂತಲಕ್ಷ್ಮಮ್ಮನವರು ಅತ್ತಿತ್ತ ನೋಡಿ ಅದನ್ನೂ ಬಾಯಿಗೆ ಹಾಕಿಕೊಂಡರು.