ಗುಡ್ಡ ಹತ್ತಿದ ರೊಮ್ಯಾಂಟಿಕ್ ಪಾಠ

ಇಂಗ್ಲಿಷ್ ಮೇಷ್ಟ್ರು ಆ ಬೆಳಿಗ್ಗೆ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ಎರಡೇ ಪದದ್ದು.

ಹದಿನೆಂಟು ವರ್ಷಗಳಿಂದ ಅವರು ಅದೇ ಕೊಠಡಿಯ ಅದೇ ಕುರ್ಚಿಯಲ್ಲಿ ಕೂತು, ಇಂಗ್ಲಿಷಿನ ರೊಮ್ಯಾಂಟಿಕ್ ಸಾಹಿತ್ಯ ಹುಟ್ಟಿದ್ದರ ಬಗ್ಗೆ ನೋಟ್ಸ್ ಬರೆಸುತ್ತಾ ಬಂದಿದ್ದರು. ಕಾರ್ಖಾನೆಯ ಹೊಗೆಗೂ ಒಣ ತರ್ಕಕ್ಕೂ ಬೇಸತ್ತ ಕವಿಗಳು ಗುಡ್ಡ, ಕೆರೆ, ಮೋಡಗಳ ಕಡೆ ಹೊರಟರು ಎಂಬಲ್ಲಿಗೆ ಅವತ್ತು ಬಂದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾರ್, ನೀವು ಗುಡ್ಡ ಹತ್ತೀರಾ?"

"ದಿನಾ ಹತ್ತೀನಿ."

"ಹಾಗಾದ್ರೆ ಇವತ್ತು ನಮ್ಮನ್ನೂ ಕರ್ಕೊಂಡು ಹೋಗಿ ಸಾರ್!"

ತರಗತಿ ಕಲ್ಲೇಟು ಬಿದ್ದ ಜೇನುಗೂಡಿನಂತೆ ಎದ್ದಿತು. ಹಾದುಹೋಗುತ್ತಿದ್ದ ಸಸ್ಯಶಾಸ್ತ್ರದ ಮೇಡಂ ಇಣುಕಿ, "ಎಂಥಾ ಒಳ್ಳೇ ಯೋಚನೆ ಸಾರ್! ನಾನೂ ಬರ್ತೀನಿ," ಎಂದರು. ಗದ್ದಲ ಕೇಳಿ ಪಿ.ಟಿ. ಮೇಷ್ಟ್ರೂ ಸೀಟಿ ಸಮೇತ ಪ್ರತ್ಯಕ್ಷರಾದರು. ಇನ್ನು ತಪ್ಪಿಸಿಕೊಳ್ಳುವ ಮಾತೇ ಇರಲಿಲ್ಲ.

ಕಾಲೇಜಿನ ಹಿಂದಿನ ಗುಡ್ಡದ ಅರ್ಧಕ್ಕೇ ಇಂಗ್ಲಿಷ್ ಮೇಷ್ಟ್ರ ಉಸಿರು ತೂತು ಬಿದ್ದ ಟ್ಯೂಬಿನಂತೆ ಬುಸುಗುಟ್ಟಿತು. ಸುಧಾರಿಸಿಕೊಳ್ಳಲು ನೆಪ ಬೇಕಿತ್ತು. ಪಕ್ಕದ ಗಿಡ ಹಿಡಿದು, "ಕವಿಯ ಹತ್ರ ಪ್ರತಿ ಎಲೆಯೂ ಮಾತಾಡುತ್ತೆ ಕಣ್ರಪ್ಪಾ. ಹೀಗೆ ಮುಟ್ಟಿ ನೋಡ್ಬೇಕು," ಎಂದರು.

"ಮುಟ್ಬೇಡಿ ಸಾರ್, ಅದು ತುರಿಕೆ ಗಿಡ," ಎಂದರು ಮೇಡಂ, ಸ್ವಲ್ಪ ತಡವಾಗಿ.

ಮೊಣಕೈವರೆಗೂ ಕೆರೆದುಕೊಳ್ಳುತ್ತಲೇ ಮೇಷ್ಟ್ರು, "ಇಂಥ ಏಕಾಂತದಲ್ಲಿ ಕವಿ..." ಎಂದು ಶುರುಮಾಡಿದರು. ಕಿವಿಯ ಪಕ್ಕದಲ್ಲೇ ಸೀಟಿ ಕಿರುಚಿತು.

"ತಲೆ ಎಣಿಸ್ಬೇಕು! ಎಲ್ರೂ ಸಾಲಾಗಿ ನಿಂತ್ಕೊಳ್ಳಿ!"

ಬೆಚ್ಚಿದ ಮೇಷ್ಟ್ರು ಜಾರಿ, ಕೂತ ಭಂಗಿಯಲ್ಲೇ ಇಳಿಜಾರನ್ನೆಲ್ಲ ಕ್ರಮಿಸಿ, ಪೊದೆಯೊಂದರಲ್ಲಿ ತಂಗಿದರು. "ಅಯ್ಯಯ್ಯೋ!" ಎಂಬ ಅವರ ಕೂಗು ಎದುರಿನ ಬಂಡೆಗೆ ಬಡಿದು ಎರಡು ಸಲ ವಾಪಸು ಬಂತು.

ಮೇಲಿನಿಂದ ಹುಡುಗಿ ಬಗ್ಗಿ ಕೇಳಿದಳು: "ಸಾರ್, ಇದೂ ಪರೀಕ್ಷೆಗೆ ಬರುತ್ತಾ?"

ಇನ್ನು ಈ ಜನ್ಮದಲ್ಲಿ ಕೊಠಡಿ ಬಿಟ್ಟು ಕದಲುವುದಿಲ್ಲ ಎಂದು ಶಪಥ ಮಾಡುತ್ತಾ ಮೇಷ್ಟ್ರು ಕುಂಟಿಕೊಂಡು ಕಾಲೇಜಿಗೆ ಮರಳಿದರು. ಮೇಡಂ ಆಗಲೇ ಮುಂದೆ ಓಡಿದ್ದರು. ತಮ್ಮ ಕೊಠಡಿಯ ಬಾಗಿಲು ತೆರೆದರೆ ಬೆಂಚುಗಳ ಮೇಲೆಲ್ಲ ಹೂಕುಂಡಗಳು!

"ಏನ್ರೀ ಇದು, ನನ್ನ ಕ್ಲಾಸಲ್ಲಿ?"

ಅಲ್ಲೇ ನಿಂತಿದ್ದ ಪ್ರಿನ್ಸಿಪಾಲರು ಬೆನ್ನು ತಟ್ಟಿದರು. "ಮೇಡಂ ಎಲ್ಲಾ ಹೇಳಿದ್ರು. ಇಂಥ ಪಾಠ ಇಲ್ಲಿ ಯಾರೂ ಮಾಡಿರಲಿಲ್ಲ ಬಿಡಿ! ನಾಳೆಯಿಂದ ನಿಮ್ಮ ಕ್ಲಾಸೆಲ್ಲಾ ಗುಡ್ಡದ ಮೇಲೇ. ಈ ಕೊಠಡಿ ಸಸ್ಯಶಾಸ್ತ್ರಕ್ಕೆ ಕೊಟ್ಟಿದ್ದೀನಿ."

ಮೇಡಂ ಕುಂಡಕ್ಕೆ ನೀರು ಹಾಕುತ್ತಾ ತಿರುಗಿ ನೋಡಿದರು.

"ಪಾಪ, ಗಿಡಗಳಿಗೆ ಹೊರಗಡೆ ಬಿಸಿಲು ತಡೆಯೋಕಾಗಲ್ಲ ಸಾರ್."